ಹಾದಿಯ ಮೇಲಿನ ಬಿಡಾರ



ರಜೆ ಬಂತೆಂದರೆ ಕಾರಿನ ಡಿಕ್ಕಿಯಲ್ಲಿ ಟೆಂಟು ಇಟ್ಟುಕೊಂಡು ಹೊರಡುವ ಕುಟುಂಬಗಳು ಈಗ ನಮ್ಮ ಹೆದ್ದಾರಿಗಳಲ್ಲಿ ಕಾಣಿಸುತ್ತಿವೆ. ನನಗೆ ಅದು ಸಂತೋಷದ ನೋಟ. ಮನೆಮಂದಿಯೆಲ್ಲ ಕೂಡಿ ಹಾದಿ ಹಿಡಿಯುವುದು, ಹೊತ್ತು ಮುಳುಗುವ ಮೊದಲು ಒಂದು ಕಡೆ ಬಿಡಾರ ಬಿಡುವುದು, ಅಲ್ಲೇ ಒಲೆ ಹೂಡಿ ಉಂಡು ಮಲಗುವುದು ನಮ್ಮ ಕಡೆಯ ಒಕ್ಕಲು ಮನೆಗಳಿಗೆ ಹೊಸದೇನಲ್ಲ. ಸವದತ್ತಿಯ ಯಲ್ಲಮ್ಮ, ಹೂವಿನಹಡಗಲಿ ಸೀಮೆಯ ಮೈಲಾರಲಿಂಗ, ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕ. ಈ ಜಾತ್ರೆಗಳಿಗೆ ಹಿರಿಯರು, ಕಿರಿಯರು, ಎತ್ತು, ಕರು ಎಲ್ಲ ಕೂಡಿ ಹೋಗುತ್ತಿದ್ದರು. ಚಕ್ಕಡಿ ಹೂಡಿಕೊಂಡು ಹೋಗುವವರು ಇಂದಿಗೂ ಇದ್ದಾರೆ.

ಚಿಕ್ಕಂದಿನಲ್ಲಿ ಮನೆಯವರೊಂದಿಗೆ ಚಕ್ಕಡಿಯಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದ ಪಯಣದಿಂದ ನಾನು ಕಲಿತದ್ದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ಹೇಳಬೇಕಾದ ಮಾತು ಒಂದೇ. ಮನೆಯಲ್ಲಿ ಗೋಡೆಯ ಮರೆಗೆ ನಡೆಯುವ ಕೆಲಸ ಬಿಡಾರದಲ್ಲಿ ಎಲ್ಲರ ಕಣ್ಣೆದುರು ನಡೆಯುತ್ತದೆ. ಕಣ್ಣಿಗೆ ಬಿದ್ದ ಕೆಲಸಕ್ಕೆ ಮತ್ತೊಂದು ಕೈ ಬಂದು ಕೂಡುತ್ತದೆ. ಮಕ್ಕಳನ್ನು ಬಿಡಾರಕ್ಕೆ ಕರೆದೊಯ್ಯಿರಿ ಎಂದು ನಾನು ಹೇಳುವುದು ಇದೊಂದೇ ಕಾರಣಕ್ಕೆ.

ಮೊದಲು ಹಾದಿಯನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿಲೋಮೀಟರು. ಅಮ್ಮಿನಬಾವಿ, ಹಾರೋಬೆಳವಡಿ, ಇನಾಮಹೊಂಗಲ ದಾಟಿ ಹೋಗಬೇಕು. ಸವದತ್ತಿಯಿಂದ ಯಲ್ಲಮ್ಮನ ಗುಡ್ಡ ಮತ್ತೆ 5 ಕಿಲೋಮೀಟರಿನಷ್ಟು. ಬಸ್ಸಿಗೆ ಇದು ತಾಸು, ಒಂದೂವರೆ ತಾಸಿನ ದಾರಿ. ಚಕ್ಕಡಿಗೆ ಎರಡು ದಿನ. ಹೇರು ಎಳೆಯುವ ಎತ್ತು ತಾಸಿಗೆ 3 ಕಿಲೋಮೀಟರಿನ ಆಜುಬಾಜು ನಡೆಯುತ್ತದೆ. ನಡುಮಧ್ಯಾಹ್ನ ಅದಕ್ಕೆ ವಿಶ್ರಾಂತಿ ಬೇಕು. ದಿನಕ್ಕೆ 20 ಕಿಲೋಮೀಟರಿಗಿಂತ ತುಸು ಮುಂದೆ ಸಾಗಿದರೆ ಅದೇ ಹೆಚ್ಚು.

ಗುಡ್ಡದ ದೊಡ್ಡ ಜಾತ್ರೆಗಳು ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗೆ. ಒಂದು ಪುಷ್ಯ ಮಾಸದಲ್ಲಿ, ಇನ್ನೊಂದು ಮಾಘದಲ್ಲಿ. ಎರಡೂ ಚಳಿಯ ದಿನಗಳು. ಹಾದಿಯ ಎರಡೂ ಬದಿಗೆ ಎರಿ ಹೊಲ. ಕಪ್ಪು ಮಣ್ಣು, ಕಣ್ಣು ಹಾಯುವವರೆಗೆ ಬಯಲು. ಹಿಂಗಾರಿ ಜೋಳ ತೆನೆ ಹಿರಿದು ನಿಂತಿರುತ್ತದೆ. ಕಡಲೆ, ಕುಸುಬೆ, ಗೋಧಿ ಹಸಿರಾಗಿರುತ್ತವೆ. ಮರ ಕಡಿಮೆ. ಕಲ್ಲು ಇನ್ನೂ ಕಡಿಮೆ. ಬಾವಿ ತೋಡಿದರೆ ಬಹಳ ಕಡೆ ಸವಳು ನೀರು. ಬಿಡಾರ ಹೂಡುವವರಿಗೆ ಈ ಮೂರೂ ಮುಖ್ಯ. ಕಟ್ಟಿಗೆ, ಕಲ್ಲು, ಸಿಹಿ ನೀರು. ಮೂರೂ ಅಲ್ಲಿ ಕೇಳಿದ ಕೂಡಲೇ ಸಿಗುವಂಥವಲ್ಲ.

ನಾನು ಹೇಳುತ್ತಿರುವುದು 1970ರ ದಶಕದ ಮಾತು. ನಾನಾಗ ಲಂಗ ಉಟ್ಟು ಓಡಾಡುವ ಹುಡುಗಿ. ಚಕ್ಕಡಿಯಲ್ಲಿ ಅಜ್ಜ, ಆಯಿ, ಅಪ್ಪ, ಅವ್ವ, ಕಾಕಾ, ಚಿಗವ್ವ, ಮತ್ತೆ ನಾವು ಮಕ್ಕಳು. ಜೊತೆಗೆ ಊರಿನ ಬೇರೆ ಮನೆಗಳ ಚಕ್ಕಡಿಗಳು ಸಾಲಾಗಿ ಬರುತ್ತಿದ್ದವು.

ಹೊರಡುವ ಮುನ್ನಾದಿನ ಹೇರಿನ ಕೆಲಸ. ಏನೇನು ಹೇರುತ್ತಿದ್ದರು ಎಂದು ಕೇಳಿ. ಎತ್ತಿಗೆ ಕಣಿಕಿ ಮತ್ತು ಹೊಟ್ಟಿನ ಚೀಲ. ಒಲೆಗೆ ಹತ್ತಿಕಟ್ಟಿಗೆ ಮತ್ತು ಕುಳ್ಳು. ಮಲಗುವುದಕ್ಕೆ ಕೌದಿ, ಕಂಬಳಿ. ಎರಡು ತಾಮ್ರದ ಕೊಡ, ಒಂದು ಕಂದೀಲು. ಗುಡ್ಡದ ಮೇಲೆ ನೈವೇದ್ಯದ ಅಡಿಗೆಗೆ ಕಡಲೆಬೇಳೆ, ಬೆಲ್ಲ, ಗೋಧಿ ಹಿಟ್ಟು. ಹಾದಿಯ ಊಟಕ್ಕೆ ಸಜ್ಜೆಯ ಕಟಕ ರೊಟ್ಟಿ. ಎಳ್ಳು ಹಚ್ಚಿ ತಟ್ಟಿ, ಕಾವಿನಲ್ಲಿ ಚೆನ್ನಾಗಿ ಒಣಗಿಸಿದ ರೊಟ್ಟಿ ಅದು. ಪಸೆ ಇಲ್ಲದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಅದಕ್ಕೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಎಲ್ಲವೂ ಪುಡಿ ಚಟ್ನಿಗಳು. ನೀರಿನ ಹೇರು ತಪ್ಪಿಸಲು ಕಂಡುಕೊಂಡ ಅಡಿಗೆ ಇದು. ನಮ್ಮ ಕಡೆಯ ಹೆಂಗಸರ ಜಾಣತನ ಆ ಬುತ್ತಿಗಂಟಿನಲ್ಲಿ ಇರುತ್ತಿತ್ತು.

ಎಲ್ಲ ಹೇರಿದ ಮೇಲೆ ಅಜ್ಜ ಚಕ್ಕಡಿಯ ಮುಂದೆ ಬಂದು ನಿಲ್ಲುತ್ತಿದ್ದ. ಎತ್ತು ಹೂಡುವ ಮೊದಲು ಮೂಕಿಯನ್ನು ಎರಡೂ ಕೈಯಿಂದ ಎತ್ತಿ ನೋಡುತ್ತಿದ್ದ. ಮೂಕಿ ಅಂದರೆ ನೊಗಕ್ಕೆ ಕಟ್ಟುವ ಉದ್ದ ಮರ. ಹೇರು ಮುಂದಾದರೆ ನೊಗ ಎತ್ತಿನ ಹೆಗಲನ್ನು ಜಗ್ಗುತ್ತದೆ. ಹಿಂದಾದರೆ ಮೂಕಿ ಮೇಲೆದ್ದು ಕೊರಳ ಪಟ್ಟಿ ಎತ್ತಿನ ಗಂಟಲನ್ನು ಒತ್ತುತ್ತದೆ. ಎರಡೂ ಕೂಡದು. ಅಜ್ಜನ ಕೈಗೆ ಅದು ತಿಳಿಯುತ್ತಿತ್ತು. "ಹಿಂದ ಭಾಳ ಆಗೇತಿ. ಹಿಟ್ಟಿನ ಚೀಲ ಮುಂದ ತರ್ರಿ" ಎನ್ನುತ್ತಿದ್ದ. ಚೀಲ ಮುಂದೆ ಬರುತ್ತಿತ್ತು. ಮತ್ತೆ ಎತ್ತಿ ನೋಡುತ್ತಿದ್ದ. ಅದಾದ ಮೇಲೆ ಮನುಷ್ಯರ ಸರದಿ. ಯಾರು ಎಲ್ಲಿ ಕೂರಬೇಕು ಎಂಬುದನ್ನೂ ಹೇರೇ ತೀರ್ಮಾನ ಮಾಡುತ್ತಿತ್ತು. ಏರು ಬಂದರೆ ಕೂತವರು ಮುಂದೆ ಸರಿಯಬೇಕು. ಇಳಿಜಾರು ಬಂದರೆ ಹಿಂದೆ ಸರಿಯಬೇಕು. ಏರು ಕಡಿದಾಗಿದ್ದರೆ ಕಾಲು ಗಟ್ಟಿ ಇದ್ದವರೆಲ್ಲ ಇಳಿದು ನಡೆಯಬೇಕು. ಆಯಿ ಮತ್ತು ಕೂಸುಗಳು ಮಾತ್ರ ಮೇಲೆ.

ಮನೆಯಲ್ಲಿ ಯಾರ ಭಾರ ಯಾರ ಹೆಗಲ ಮೇಲಿದೆ ಎಂದು ಮಗುವಿಗೆ ಹೇಗೆ ತಿಳಿಸುತ್ತೀರಿ? ಬಾಯಿಮಾತಿನಲ್ಲಿ ಹೇಳಿದರೆ ಅದು ಉಪದೇಶವಾಗುತ್ತದೆ. ಚಕ್ಕಡಿಯ ಮೇಲೆ ಕೂತ ಮಗುವಿಗೆ ಎತ್ತಿನ ಹೆಗಲು ಎದುರಿಗೇ ಕಾಣುತ್ತದೆ. ತಾನು ಮುಂದೆ ಸರಿದರೆ ನೊಗ ಕೆಳಗಿಳಿಯುತ್ತದೆ, ಹಿಂದೆ ಸರಿದರೆ ಮೇಲೇಳುತ್ತದೆ. ನಮಗೆ ಅದನ್ನು ಯಾರೂ ಎರಡನೇ ಸಲ ಹೇಳಬೇಕಾಗಿರಲಿಲ್ಲ.

ಹೇರಿನ ಮಾತು ಇಷ್ಟು. ಭಾರ ಯಾರ ಮೇಲೆ ಬೀಳುತ್ತದೆ ಎಂಬುದು ಕಣ್ಣಿಗೆ ಕಂಡಿತು. ಇನ್ನು ನೀರಿನ ಮಾತಿಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಾರೋಬೆಳವಡಿಯ ಹತ್ತಿರ ತುಪರಿ ಹಳ್ಳ ಹಾದಿಗೆ ಅಡ್ಡ ಬರುತ್ತದೆ. ಮಳೆಗಾಲದಲ್ಲಿ ಹುಚ್ಚೆದ್ದು ಹರಿಯುವ ಹಳ್ಳ. ಚಳಿಗಾಲದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಮಡು ಉಳಿದಿರುತ್ತದೆ. ಮಡುವಿನ ನೀರು ಎತ್ತಿಗೆ. ಮನುಷ್ಯರ ಕುಡಿಯುವ ನೀರಿಗೆ ಮರಳಿನಲ್ಲಿ ಒರತೆ ತೋಡಬೇಕು. ಮೊಳಕೈ ಉದ್ದ ಮರಳು ಬಗೆದರೆ ತಳದಲ್ಲಿ ನೀರು ಜಿನುಗುತ್ತದೆ. ಮೊದಲು ಬರುವುದು ರಾಡಿ. ಅದನ್ನು ತಂಬಿಗೆಯಿಂದ ಮೊಗೆದು ಹೊರಗೆ ಚೆಲ್ಲಬೇಕು. ಮತ್ತೆ ಜಿನುಗುತ್ತದೆ, ಮತ್ತೆ ಚೆಲ್ಲಬೇಕು. ಮೂರು ನಾಲ್ಕು ಸಲ ಚೆಲ್ಲಿದ ಮೇಲೆ ನೀರು ತಿಳಿಯಾಗುತ್ತದೆ. ಆಮೇಲೆ ಕೈ ಕದಲಿಸದೆ ಕಾಯಬೇಕು. ತಂಬಿಗೆಯನ್ನು ಓರೆಯಾಗಿ ಇಳಿಸಿ, ತಳದ ಮರಳು ಏಳದ ಹಾಗೆ ತುಂಬಿಕೊಳ್ಳಬೇಕು. ಒಂದು ಕೊಡ ತುಂಬಲು ಬಹಳ ಹೊತ್ತು ಹಿಡಿಯುತ್ತದೆ.

ಈ ಕೆಲಸವನ್ನು ಅಜ್ಜ ಮಕ್ಕಳಿಗೇ ಕೊಡುತ್ತಿದ್ದ. ನಮಗೆ ಅದು ಆಟವೂ ಹೌದು. ಆದರೆ ಆಟ ಮುಗಿದ ಮೇಲೂ ಕೊಡ ಅರ್ಧವೇ ಇರುತ್ತಿತ್ತು. ಮೊಣಕಾಲು ಮರಳಿನಲ್ಲಿ ಊರಿ ಕೂತು ಉಳಿದರ್ಧ ತುಂಬಿಸಬೇಕಾಗಿತ್ತು. ಆ ಕೊಡ ಬಿಡಾರಕ್ಕೆ ಬಂದ ಮೇಲೆ ಅದರಿಂದ ಯಾರು ಎಷ್ಟು ನೀರು ತೆಗೆದರು ಎಂದು ನಾವು ಮಕ್ಕಳೇ ಕಾಯುತ್ತಿದ್ದೆವು. ಕಾಕಾ ಒಮ್ಮೆ ಆ ನೀರಿನಲ್ಲಿ ಕಾಲು ತೊಳೆಯಲು ಹೊರಟಾಗ ನನ್ನ ತಮ್ಮ ಓಡಿಹೋಗಿ ಕೊಡವನ್ನು ಅಪ್ಪಿಕೊಂಡು ಕೂತ. "ಕಾಕಾ, ಮಡುವಿಗೆ ಹೋಗ್ರಿ" ಎಂದ. ಕಾಕಾ ಮರುಮಾತಾಡದೆ ಮಡುವಿಗೆ ಹೋದರು.

ನೀರಿನಲ್ಲಿ ಒಂದು ಸರದಿಯೂ ಇತ್ತು. ಚಕ್ಕಡಿ ಬಿಟ್ಟ ಕೂಡಲೇ ಮೊದಲು ಎತ್ತಿಗೆ ನೀರು. ಎತ್ತು ದಿನಕ್ಕೆ 30, 40 ಲೀಟರು ಕುಡಿಯುತ್ತದೆ. ಅದು ಕುಡಿದು, ಮೈ ಆರಿಸಿಕೊಂಡು, ಕಣಿಕಿಗೆ ಬಾಯಿ ಹಾಕಿದ ಮೇಲೆಯೇ ಮನುಷ್ಯರ ಚಹಾ. "ಎತ್ತಿನ ಬಾಯಿ ಒಣಗಿರುವಾಗ ನಮ್ಮ ಬಾಯಿಗೆ ಚಾ ಹ್ಯಾಂಗ ಇಳೀತೈತಿ?" ಎಂದು ಅಜ್ಜ ಕೇಳುತ್ತಿದ್ದ. ಎತ್ತಿನ ನಂತರ ಕೂಸುಗಳು, ಆಮೇಲೆ ಮುದುಕರು, ಕೊನೆಗೆ ದುಡಿಯುವ ಗಟ್ಟಿ ಆಳುಗಳು. ನನಗೆ ತಿಳಿದಮಟ್ಟಿಗೆ ಸಮಾಜವಾದದ ಮೊದಲ ಪಾಠ ಅದು. ಆ ಹೆಸರನ್ನು ಕಾಲೇಜಿನಲ್ಲಿ ಕೇಳುವ ಎಷ್ಟೋ ವರ್ಷ ಮೊದಲೇ ಆ ಸರದಿಯಲ್ಲಿ ನಿಂತು ನಾನು ನೀರು ಕುಡಿದಿದ್ದೆ.

ಇಂದು ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ನೆಲದಡಿಯ ಕೊಳವೆ, ತಾರಸಿಯ ಟ್ಯಾಂಕು, ಪಂಪು, ನೀರು ಬಿಡುವ ವಾಟರ್‌ಮನ್, ಯಾವುದೂ ಮಗುವಿಗೆ ಕಾಣುವುದಿಲ್ಲ. ನೀರು ಉಳಿಸಿ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅದು ಎಲ್ಲಿಂದ, ಯಾರ ಶ್ರಮದಿಂದ ಬಂತು ಎಂಬುದನ್ನು ತೋರಿಸುವುದಿಲ್ಲ. ಇಡೀ ವರ್ಷ ಒಂದು ಕೊಡವನ್ನೂ ಹೊರದ ಮಗುವಿಗೆ ಆ ಮಾತು ಹೇಗೆ ತಾಗಬೇಕು ಹೇಳಿ.

ಹೇರು ಆಯಿತು, ನೀರು ಆಯಿತು. ಈಗ ಒಲೆಯ ಹತ್ತಿರ ಬನ್ನಿ. ನನಗೆ ಬಹಳ ಮುಖ್ಯವೆನಿಸಿದ್ದು ಅಲ್ಲಿದೆ.

ಎರಿ ಹೊಲದಲ್ಲಿ ಕಲ್ಲು ಸಿಗುವುದಿಲ್ಲ ಎಂದೆ. ಹಾಗಾಗಿ ಒಲೆ ಹೂಡುವ ಜಾಗಗಳು ಮೊದಲೇ ಗೊತ್ತಿದ್ದವು. ಹಿಂದಿನ ವರ್ಷ ಬಂದವರು ಬಿಟ್ಟುಹೋದ ಮೂರು ಕರಿ ಕಲ್ಲು ಮರದ ಬುಡದಲ್ಲಿ ಇರುತ್ತಿದ್ದವು. ಯಾರ ಕಲ್ಲೋ, ಎಷ್ಟು ವರ್ಷದ್ದೋ. ಮಸಿ ಹಿಡಿದು ಹಿಡಿದು ನುಣ್ಣಗಾಗಿರುತ್ತಿದ್ದವು. ಅವನ್ನು ಎಸೆಯುವಂತಿಲ್ಲ, ಒಯ್ಯುವಂತಿಲ್ಲ. ಅಡಿಗೆ ಮುಗಿದ ಮೇಲೆ ಬೂದಿಗೆ ಮಣ್ಣು ಮುಚ್ಚಿ, ಕಲ್ಲನ್ನು ಮತ್ತೆ ಮರದ ಬುಡಕ್ಕೆ ಒರಗಿಸಿ ಇಡಬೇಕು. ಮುಂದೆ ಬರುವ ಚಕ್ಕಡಿಯವರಿಗೆ ಬೇಕಲ್ಲ. ಸವದತ್ತಿ ಹತ್ತಿರವಾದ ಹಾಗೆ ಮರಳುಗಲ್ಲಿನ ಗುಡ್ಡಗಳು ಸುರುವಾಗುತ್ತವೆ. ಅಲ್ಲಿ ಕಲ್ಲಿಗೆ ಬರವಿಲ್ಲ, ಅಷ್ಟು ಜೋಪಾನವೂ ಇಲ್ಲ.

ಬೆಳಗಿನ ಜಾವದ ಒಂದು ಸಂಗತಿ ಹೇಳುತ್ತೇನೆ. ಮನೆಯಲ್ಲಿ ನಾವು ಮಕ್ಕಳು ಪಡಸಾಲೆಯಲ್ಲಿ ಮಲಗುತ್ತಿದ್ದೆವು. ಅಡಿಗೆಮನೆ ಒಳಗೆ, ಎರಡು ಗೋಡೆ ಆಚೆ. ನಾವು ಏಳುವ ಹೊತ್ತಿಗೆ ರೊಟ್ಟಿ ಬುಟ್ಟಿಯಲ್ಲಿ ಇರುತ್ತಿತ್ತು. ರೊಟ್ಟಿ ಬುಟ್ಟಿಯಲ್ಲಿ ಇರುವುದೇ ಅದರ ಸಹಜ ಸ್ಥಿತಿ ಎಂದು ನಾನು ನಂಬಿದ್ದೆ. ಬಿಡಾರದ ರಾತ್ರಿ ಎಲ್ಲರೂ ಚಕ್ಕಡಿಯ ಕೆಳಗೆ, ಪಕ್ಕದಲ್ಲಿ ಕೌದಿ ಹಾಸಿ ಮಲಗಿದ್ದೆವು. ಇನ್ನೂ ಬೆಳ್ಳಿ ಮೂಡಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳಕ್ಕೆ ನನಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ನಾಲ್ಕು ಮಾರು ದೂರದಲ್ಲಿ ಅವ್ವ. ತಲೆಗೆ ಸೆರಗು ಸುತ್ತಿಕೊಂಡಿದ್ದಳು. ಕಟ್ಟಿಗೆಗೆ ರಾತ್ರಿಯ ಇಬ್ಬನಿ ಹಿಡಿದು ಬರೀ ಹೊಗೆ ಏಳುತ್ತಿತ್ತು. ಊದುಗೊಳವೆ ಊದಿ ಊದಿ ಅವಳ ಕಣ್ಣು ಕೆಂಪಾಗಿದ್ದವು. ಹಿಟ್ಟಿಗೆ ಹಾಕುವ ಬಿಸಿನೀರು ಅಷ್ಟರಲ್ಲೇ ಆರಿಹೋಗುತ್ತಿತ್ತು. ಮತ್ತೆ ಕಾಯಿಸುತ್ತಿದ್ದಳು. ಚಿಗವ್ವ ಪಕ್ಕದಲ್ಲಿ ಕೂತು ಬೇಯಿಸುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಮಲಗಿದವರು ಏಳಬಾರದು ಎಂದು.

ಎಚ್ಚರವಾದದ್ದು ನನಗೊಬ್ಬಳಿಗೇ ಅಲ್ಲ. ಅಜ್ಜನಿಗೂ ಆಗಿತ್ತು. ಅವನು ಕಂಬಳಿ ಹೊದ್ದುಕೊಂಡೇ ಎದ್ದು ಕೂತು ಬಹಳ ಹೊತ್ತು ನೋಡಿದ. ಆಮೇಲೆ ಎದ್ದುಹೋಗಿ ಚಕ್ಕಡಿಯ ಅಡಿಯಿಂದ ಒಣ ಕುಳ್ಳು ತಂದು ಒಲೆಯ ಮುಂದೆ ಇಟ್ಟ. "ಇನ್ನ ಹಾದಿಮ್ಯಾಲೆ ಬೆಳಗಿನ ರೊಟ್ಟಿ ಬ್ಯಾಡವಾ. ಬುತ್ತಿ ಐತಿ, ಮಸರು ಸಿಕ್ಕಲ್ಲಿ ಮಸರು. ನೀವೂ ಮಕ್ಕೊಳ್ರಿ" ಎಂದ. ಅವ್ವ ತಲೆ ಎತ್ತಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದು ಹೊಗೆಗೋ ಮತ್ತಾವುದಕ್ಕೋ ನನಗೆ ತಿಳಿಯಲಿಲ್ಲ.

ಯೋಚಿಸಿ ನೋಡಿ. ಆ ಸೊಸೆಯಂದಿರು ಆ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು. ದಿನಾ ಅದೇ ಹೊತ್ತಿಗೆ ಎದ್ದು, ಅದೇ ರೊಟ್ಟಿ ಬಡಿದಿದ್ದರು. ಅಜ್ಜ ಕೆಟ್ಟ ಮನುಷ್ಯನಲ್ಲ. ಎತ್ತಿನ ಬಾಯಾರಿಕೆ ಅರಿತ ಮನುಷ್ಯ. ಆದರೂ ಆ ಕೆಲಸ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ನಡುವೆ ಗೋಡೆ ಇತ್ತು. ಗೋಡೆ ಇಲ್ಲದ ಒಂದು ರಾತ್ರಿ ಅದನ್ನು ತೋರಿಸಿಕೊಟ್ಟಿತು. ಊರಿಗೆ ಮರಳಿದ ಮೇಲೆ ಎಲ್ಲ ಬದಲಾಯಿತು ಎಂದು ನಾನು ಹೇಳುವುದಿಲ್ಲ. ರೊಟ್ಟಿಯ ಕೆಲಸ ಹೆಂಗಸರದಾಗಿಯೇ ಉಳಿಯಿತು. ಆದರೆ ಬೆಳಗಿನ ಮೊದಲ ಎರಡು ಕೊಡ ನೀರು ಅಪ್ಪ ತರತೊಡಗಿದ. ಕಟ್ಟಿಗೆ ಒಡೆದು ಒಲೆಯ ಪಕ್ಕಕ್ಕೆ ಜೋಡಿಸುವುದು ಕಾಕಾನ ಕೆಲಸವಾಯಿತು. ಯಾರೂ ಠರಾವು ಮಾಡಿರಲಿಲ್ಲ. ಅಷ್ಟು ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಇಲ್ಲಿಯವರೆಗೆ ಮೂರು ಸಂಗತಿ ಕಂಡೆವು. ಹೇರಿನ ಭಾರ, ನೀರಿನ ಶ್ರಮ, ಒಲೆಯ ಮುಂದಿನ ದುಡಿಮೆ. ಮನೆಯೊಳಗಿನ ಇನ್ನೊಂದು ಸಂಗತಿಯೂ ಬಿಡಾರದಲ್ಲಿ ಬಯಲಿಗೆ ಬರುತ್ತದೆ. ಅದು ಮನಸ್ತಾಪ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ.

ಅಪ್ಪ ಮತ್ತು ಕಾಕಾ ಹೊಲದ ಒಂದು ಬದುವಿನ ಸಲುವಾಗಿ ಮುನಿಸಿಕೊಂಡಿದ್ದ ವರ್ಷ ಅದು. ಮನೆಯಲ್ಲಿ ಒಬ್ಬರು ಪಡಸಾಲೆಯಲ್ಲಿದ್ದರೆ ಇನ್ನೊಬ್ಬರು ಹಿತ್ತಲಲ್ಲಿ. ಮಾತು ಬಿಟ್ಟು ತಿಂಗಳುಗಟ್ಟಲೆ ನಡೆಯಬಹುದು. ಚಕ್ಕಡಿಯಲ್ಲಿ ಹಾಗೆ ನಡೆಯುವುದಿಲ್ಲ. ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಬೇಕಾದರೆ ಒಬ್ಬರು ಗಾಡಿ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿ ಜಗ್ಗಬೇಕು. "ಹಿಡಿ", "ಬಿಡು", "ಇನ್ನ ಸ್ವಲ್ಪ ಎತ್ತು". ಅಣ್ಣತಮ್ಮರ ಮಾತು ಅಲ್ಲಿಂದ ಸುರುವಾಯಿತು. ಬದುವಿನ ವ್ಯಾಜ್ಯ ಹಾದಿಯಲ್ಲಿ ಬಗೆಹರಿಯಲಿಲ್ಲ. ಆದರೆ ಮುಂದೆ ಅದನ್ನು ಬಗೆಹರಿಸಲು ಬೇಕಾದ ಮಾತು ಆ ಕೀಲೆಣ್ಣೆಯ ಹೊತ್ತಿನಲ್ಲಿ ಮತ್ತೆ ಹುಟ್ಟಿತು.

ಗುಡ್ಡ ತಲುಪಿದ ಮೇಲಿನ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಜೋಗುಳಬಾವಿಯಲ್ಲಿ ಸ್ನಾನ. ಗುಡ್ಡದ ಇಳಿಜಾರಿನ ತುಂಬ ಚಕ್ಕಡಿಗಳು. ಹೋಳಿಗೆ, ಕಡುಬು ಮಾಡಿ ಪರಡಿ ತುಂಬಿಸುವುದು. "ಉಧೋ ಉಧೋ" ಎಂಬ ಕೂಗು. ನಮ್ಮ ಬಿಡಾರದ ಪಕ್ಕದಲ್ಲಿ ಕೊಲ್ಲಾಪುರದ ಕಡೆಯವರ ಬಿಡಾರ. ಅವರದು ಮರಾಠಿ, ಆಯಿಯದು ಕನ್ನಡ. ಆಯಿ ಅವರ ಒಲೆಯಿಂದ ಕೆಂಡ ತಂದಳು. ಅವರು ನಮ್ಮ ಕೊಡದಿಂದ ನೀರು ಒಯ್ದರು. ಸಂಜೆಗೆ ಅವರ ಪುರಣಪೋಳಿ ನಮ್ಮ ಎಲೆಯಲ್ಲಿತ್ತು, ನಮ್ಮ ಶೇಂಗಾ ಚಟ್ನಿ ಅವರ ಎಲೆಯಲ್ಲಿತ್ತು.

ಇಷ್ಟು ಹೇಳಿದ ಮೇಲೆ ಆ ಬಿಡಾರದ ಕಷ್ಟವನ್ನು ಹೇಳದೆ ಹೋದರೆ ಅದು ಅನ್ಯಾಯ. ಹೆಂಗಸರು ಬಹಿರ್ದೆಸೆಗೆ ಕತ್ತಲಾಗುವುದನ್ನೇ ಕಾಯಬೇಕಾಗಿತ್ತು. ಅದಕ್ಕಾಗಿ ಹಗಲೆಲ್ಲ ನೀರು ಕಡಿಮೆ ಕುಡಿಯುತ್ತಿದ್ದರು. ಬಸುರಿಯರು, ಬಾಣಂತಿಯರು ಕುಲುಕುವ ಚಕ್ಕಡಿಯಲ್ಲಿ ಪಟ್ಟ ಪಾಡು ಸಣ್ಣದಲ್ಲ. ಆ ಕಾಲವೇ ಚೆಂದ, ಈ ಕಾಲ ಚೆಂದವಲ್ಲ ಎಂದು ನಾನು ಹೇಳಲಾರೆ. 2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಎಷ್ಟೋ ತಾಯಂದಿರು ಗಂಡಸರ ಪುರುಸೊತ್ತಿಗೆ ಕಾಯದೆ ತಾವೇ ಗುಡ್ಡಕ್ಕೆ ಹೋಗಿ ಸಂಜೆಗೆ ಮನೆ ಸೇರುತ್ತಿದ್ದಾರೆ. ಇದು ದೊಡ್ಡ ಬಿಡುಗಡೆ. ನಾನು ಉಳಿಸಿಕೊಳ್ಳಬೇಕು ಎನ್ನುವುದು ಆ ಕಷ್ಟವನ್ನಲ್ಲ. ಕೆಲಸ ಎಲ್ಲರ ಕಣ್ಣಿಗೆ ಕಾಣುವ ಆ ಎರಡು ದಿನಗಳನ್ನು.

ಅದನ್ನು ಉಳಿಸಿಕೊಳ್ಳಲು ಎತ್ತಿನ ಚಕ್ಕಡಿಯೇ ಬೇಕೆಂದಿಲ್ಲ. ಇಲ್ಲಿಯವರೆಗೆ ಹಳೆಯ ಹಾದಿಯ ಮಾತು ಕೇಳಿದಿರಿ. ಇನ್ನು ಇವತ್ತಿನ ಹಾದಿಗೆ ಬರೋಣ.

ನನ್ನ ಮಗ, ಸೊಸೆ, ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಿಂದೊಂದು ಚಳಿಗಾಲದಲ್ಲಿ ಅವರೊಂದಿಗೆ ನಾನೂ ಕಾರಿನಲ್ಲಿ ಹೊರಟೆ. ಧಾರವಾಡದಿಂದ ಹಳಿಯಾಳ, ದಾಂಡೇಲಿ ದಾಟಿ ಜೋಯಿಡಾ ಸೀಮೆಗೆ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆ. ಅರಣ್ಯದೊಳಗೆ ಕಂಡಕಂಡಲ್ಲಿ ಟೆಂಟು ಹೂಡುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಆ ನಿಯಮ ಸರಿಯಾದದ್ದು. ನಾವು ಒಬ್ಬ ರೈತರ ಒಪ್ಪಿಗೆ ಪಡೆದು ಅವರ ಅಡಿಕೆ ತೋಟದ ಅಂಚಿನ ಖಾಲಿ ಜಾಗದಲ್ಲಿ ಟೆಂಟು ಹಾಕಿದೆವು. ಆ ಮನೆಯ ಅಜ್ಜಿ ಬೇಯಿಸಿದ ಗೆಡ್ಡೆ ಕಳಿಸಿಕೊಟ್ಟರು. ಜೋಯಿಡಾದ ಕುಣಬಿ ಜನ ಬಗೆಬಗೆಯ ಗೆಡ್ಡೆ ಗೆಣಸು ಬೆಳೆಯುವುದರಲ್ಲಿ ಹೆಸರಾದವರು. ಉಪ್ಪು ಹಚ್ಚಿಕೊಂಡು ತಿಂದೆವು.

ನೀರು ಬಾವಿಯಿಂದ ಸೇದಬೇಕಾಗಿತ್ತು. ಆ ಕೆಲಸಕ್ಕೆ ಹತ್ತು ವರ್ಷದ ಮೊಮ್ಮಗ ನಿಂತ. ಮೊದಲ ಬಕೆಟ್ಟು ಅರ್ಧ ದಾರಿಗೆ ಚೆಲ್ಲಿತು. ಎರಡನೆಯದು ಬಂತು. ಊಟದ ನಂತರ ತಟ್ಟೆ ತೊಳೆಯುವಾಗ ಅವನು ಒಂದು ವಿಷಯ ಗಮನಿಸಿದ. ಕುಡಿಯಲು ಬೇಕಾದುದಕ್ಕಿಂತ ತೊಳೆಯಲು ಹೆಚ್ಚು ನೀರು ಬೇಕು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಅವನು ಎಲ್ಲರ ತಟ್ಟೆಯನ್ನೂ ಒಣ ಎಲೆಯಿಂದ ಒರೆಸಿ ಆಮೇಲೆ ತೊಳೆಯುತ್ತಿದ್ದಾನೆ. "ಅಜ್ಜಿ, ಹೀಗೆ ಮಾಡಿದ್ರೆ ಒಂದು ಬಕೆಟ್ ಉಳಿಯತ್ತೆ" ಎಂದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಸೇದಿದ ತೋಳಿನ ನೋವು ಹೇಳಿಕೊಟ್ಟಿತ್ತು.

ಈರುಳ್ಳಿ ಹೆಚ್ಚಿದ್ದು ಮಗ. ಒಲೆ ನೋಡಿಕೊಂಡದ್ದು ಮಗ. ಪಾತ್ರೆ ತೊಳೆದದ್ದು ಮಗ ಮತ್ತು ಮೊಮ್ಮಗ. ಸೊಸೆ ಎರಡು ಸಲ ಏಳಲು ಹೋದಳು. ನಾನೇ ಕೈಹಿಡಿದು ಕೂರಿಸಿದೆ. ಆ ಕತ್ತಲಲ್ಲಿ ಅವಳು ನನಗೆ ತನ್ನ ಮನೆಯ ದಿನಚರಿ ಹೇಳಿದಳು. ಎಷ್ಟು ಗಂಟೆಗೆ ಏಳುತ್ತಾಳೆ, ಡಬ್ಬಿಗೆ ಏನು ಹಾಕುತ್ತಾಳೆ, ಆಫೀಸಿನಿಂದ ಬಂದ ಮೇಲೆ ಏನು ಮಾಡುತ್ತಾಳೆ. ಮಗ ಪಾತ್ರೆ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡ. ನನಗೆ ಅವ್ವನ ನೆನಪಾಯಿತು. ಕಟ್ಟಿಗೆ ಹೋಗಿ ಗ್ಯಾಸು ಬಂದಿದೆ. ಗೋಡೆ ಮಾತ್ರ ಇದ್ದಲ್ಲೇ ಇದೆ. ಬೆಂಗಳೂರಿಗೆ ಮರಳಿದ ಮೇಲೆ ಮಕ್ಕಳ ಬೆಳಗಿನ ಡಬ್ಬಿಯನ್ನು ಮಗನೇ ಕಟ್ಟುತ್ತಿದ್ದಾನೆ ಎಂದು ಸೊಸೆ ಫೋನಿನಲ್ಲಿ ಹೇಳಿದಳು.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಈಗ ಎಲ್ಲ ಸಿದ್ಧವಾಗಿರುವ ಟೆಂಟುಗಳು ಬಾಡಿಗೆಗೆ ಸಿಗುತ್ತವೆ. ಮಂಚ ಇರುತ್ತದೆ, ದೀಪ ಇರುತ್ತದೆ, ಹೊತ್ತಿಗೆ ಸರಿಯಾಗಿ ಊಟ ಬರುತ್ತದೆ. ವಿಶ್ರಾಂತಿ ಬೇಕಾದವರು ಹೋಗಲಿ, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ನೀರು ತರುವವರು, ಅಡಿಗೆ ಮಾಡುವವರು ಮತ್ತೆ ನಿಮ್ಮ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಗೋಡೆಯ ಜಾಗಕ್ಕೆ ಬಟ್ಟೆ ಬಂದಿರುತ್ತದೆ, ಅಷ್ಟೇ. ಒಂದು ರಾತ್ರಿಯಾದರೂ ಸರಿ, ಕೆಲಸವೆಲ್ಲ ನಿಮ್ಮ ಕೈಯಲ್ಲೇ ಇರುವ ಬಿಡಾರ ಹೂಡಿ. ದೂರ ಹೋಗಬೇಕಾಗಿಲ್ಲ. ಊರಿನಲ್ಲಿ ನೆಂಟರ ಹೊಲ ಇದ್ದರೆ ಸಾಕು. ಚಳಿಗಾಲದಲ್ಲಿ ಹೋದರೆ ಇನ್ನೊಂದು ಸುಖವಿದೆ. ಸಂಜೆ ಕಡಲೆ ಗಿಡದ ಮೇಲೆ ತೆಳು ಬಿಳಿ ಬಟ್ಟೆ ಹಾಸಿ ಬಿಡಿ. ಬೆಳಗಿಗೆ ಇಬ್ಬನಿಯ ಜೊತೆ ಗಿಡದ ಹುಳಿ ಬಟ್ಟೆಗೆ ಇಳಿದಿರುತ್ತದೆ. ಹಿಂಡಿ ನಾಲಿಗೆಗೆ ಹಚ್ಚಿ ನೋಡಿ. ಮಕ್ಕಳು ಕಣ್ಣು ಕಿರಿದು ಮಾಡಿ ಇನ್ನಷ್ಟು ಕೇಳುತ್ತಾರೆ. ಹಳ್ಳಿಗಳಲ್ಲಿ ಈ ಹುಳಿಯನ್ನು ಸೀಸೆಯಲ್ಲಿ ತುಂಬಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದರು.

ಹೋಗುವ ಮೊದಲು ಮಕ್ಕಳೊಂದಿಗೆ ಕೂತು ಕೆಲಸ ಹಂಚಿಕೊಳ್ಳಿ. ನೀರು ಯಾರದು, ಒಲೆ ಯಾರದು, ಕಸ ಯಾರದು. ಮನೆಯಲ್ಲಿ ಯಾರು ಯಾವ ಕೆಲಸ ಮಾಡುವುದಿಲ್ಲವೋ ಅವರಿಗೆ ಆ ಕೆಲಸ ಕೊಡಿ. ತಾಯಿಗೆ ಅಂದು ಅಡಿಗೆ ಬೇಡ. ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಗೂಟ ಹೊಡೆಯಬೇಡಿ. ಪ್ಲಾಸ್ಟಿಕ್ಕು, ಬಾಟಲಿ ನೀವು ತಂದ ಚೀಲದಲ್ಲೇ ಮರಳಿ ಬರಲಿ.

ಬರುವ ಹುಣ್ಣಿಮೆಗಳಿಗೆ ಗುಡ್ಡಕ್ಕೆ ಹೊರಡುವವರೂ ಈ ಹೊತ್ತು ಕೇಳುತ್ತಿರಬಹುದು. ಚಕ್ಕಡಿ ಹೂಡುವವರಿಗೆ, ಟ್ರ್ಯಾಕ್ಟರಿನ ಟ್ರ್ಯಾಲಿಯಲ್ಲಿ ಮಕ್ಕಳುಮರಿ ಕೂರಿಸಿಕೊಂಡು ಹೋಗುವವರಿಗೆ ಒಂದು ಮಾತು. ನಮ್ಮ ಕಾಲದಲ್ಲಿ ಆ ಹಾದಿಯಲ್ಲಿ ದಿನಕ್ಕೆ ಕೆಲವೇ ಬಸ್ಸು ಓಡುತ್ತಿದ್ದವು. ಈಗ ರಾತ್ರಿಯಿಡೀ ಲಾರಿ, ಕಾರುಗಳ ಓಟ. ಗಾಡಿಯ ಹಿಂಬದಿಗೆ, ಎರಡೂ ಪಕ್ಕಕ್ಕೆ ರೇಡಿಯಂ ಪಟ್ಟಿ ಹಚ್ಚಿಸಿ. ಎತ್ತಿನ ಕೋಡಿಗೂ ಹಚ್ಚಿ. ಹೊತ್ತು ಮುಳುಗಿದ ಮೇಲೆ ಹಾದಿ ಸಾಗಿಸಬೇಡಿ. ಬೆಳಕಿರುವಾಗಲೇ ರಸ್ತೆ ಬಿಟ್ಟು ಒಳಗೆ ಸರಿದು, ಎತ್ತು ಬಿಚ್ಚಿ, ಮೊದಲು ಅವಕ್ಕೆ ನೀರು ಕುಡಿಸಿ.